ಕೆಳಗಿಳಿದು ಮಾಡಿದ ಪ್ರಾರ್ಥನೆ

ಆ ಭಾನುವಾರ ನವಲಗುಂದದ ಹತ್ತಿರದ ಹಳ್ಳಿಯ ಚರ್ಚಿನಲ್ಲಿ ಪಾಸ್ಟರ್ ಆದ ನನ್ನ ಉಪದೇಶ ಪ್ರಸಂಗವಿತ್ತು. ಯೇಸು ಹೇಳಿದ ಕಥೆಯಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ನೋಡಿಯೂ ಪಕ್ಕಕ್ಕೆ ಸರಿದುಹೋದ ಯಾಜಕನನ್ನು ಚೆನ್ನಾಗಿ ಝಾಡಿಸಬೇಕೆಂದು ಹೊರಟಿದ್ದೆ. ಮಳೆಯಾದ ದಾರಿ, ನಮ್ಮ ಬಸ್ಸು ಎರೆಮಣ್ಣಿನಲ್ಲಿ ಹೂತುಕೊಂಡಿತು. ಗಂಡಸರೆಲ್ಲ ಚಪ್ಪಲಿ ಕಳಚಿಟ್ಟು ನೂಕಲು ಇಳಿದರು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ನೋಡಿಕೊಂಡೆ, ಬೈಬಲ್ ಎದೆಗವಚಿ ಕಣ್ಣು ಮುಚ್ಚಿದೆ.

ಹಿಂದಿನ ಸೀಟಿನ ವಿಭೂತಿ ಹಚ್ಚಿದ ಅಜ್ಜಿ ಭುಜ ತಟ್ಟಿದಳು. "ಏನ್ ಮಾಡಾಕತ್ತೀರಿ?"

"ಬಸ್ ಮ್ಯಾಲ ಏಳ್ಲಿ ಅಂತ ಪ್ರಾರ್ಥನಾ ಮಾಡಾಕತ್ತೇನ್ರಿ."

"ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೆಳಗಿಳದು ಮಾಡ್ರಿ. ನಾ ಮೊಣಕಾಲು ಹೋದ ಮುದುಕಿ, ಕುಂತೀನಿ. ನಿಮಗೇನಾಗೇತಿ? ನಿಮ್ಮನ್ನೂ ಸೇರ್ಸಿ ನೂಕಾಕತ್ತಾರ ಅವ್ರು!"

ಇಳಿದು ನೂಕಿದೆ. ಚಕ್ರ ಗರಗರ ತಿರುಗಿ ಎರೆಮಣ್ಣೆಲ್ಲ ನನ್ನ ಅಂಗಿಗೆ ಹಾರಿತು, ಬಸ್ಸೂ ಎದ್ದಿತು. ಅಜ್ಜಿ ಕಿಟಕಿಯಿಂದ ಕೂಗಿದಳು: "ನೋಡ್ರಿ, ನಿಮ್ಮ ದೇವ್ರು ಅಗದಿ ಲಗೂನ ಕೇಳಿದ!"

ಅದೇ ಅಂಗಿಯಲ್ಲಿ ಸಭೆಯ ಮುಂದೆ ನಿಂತೆ. ಯಾಜಕನನ್ನು ಬೈಯಲು ಬಾಯೇ ಬರಲಿಲ್ಲ. ಬಸ್ಸಿನ ಕಥೆಯನ್ನೇ ಹೇಳಿದೆ, ಒಂದು ತಾಸಿನ ಪ್ರಸಂಗ ಹತ್ತು ನಿಮಿಷಕ್ಕೆ ಮುಗಿಯಿತು.

ಈಗ ಮಳೆಗಾಲ ಬಂದರೆ ಆ ಸಭೆಯವರು ತಪ್ಪದೆ ಫೋನ್ ಮಾಡುತ್ತಾರೆ: "ಪಾಸ್ಟರ್ ಸಾಹೇಬ್ರ, ಈ ವಾರಾನೂ ಬಸ್ಸಿನ್ಯಾಗ ಬರ್ರಿ."