ಮರಾಷಿನ ಅಜ್ಜಿಗೆ ವಾನಿನ ಅಂಗಿ

ಬಾಗಿಲು ತೆರೆದ ಮುದುಕಿ ನನ್ನ ಹೆಸರು ಕೇಳಲಿಲ್ಲ. ನಾನು ತೊಟ್ಟಿದ್ದ ಕುರ್ತಾದ ಅಂಚು ಹಿಡಿದು, ತಿರುವಿ, ಒಳಮೈ ನೋಡಿದರು. "ಮಷೀನ್," ಎಂದರು. ಅಲ್ರೀ, ನಾನು ಧಾರವಾಡದವಳು! ವುಡ್‌ಬ್ರಿಡ್ಜ್ ಕಡೆಯ ಅಂಗಡಿಯಲ್ಲಿ ಕೈಕಸೂತಿ ಅಂತ ಹೇಳಿ ಕೊಟ್ಟಿದ್ದರು, ನಂಬಿ ತೊಟ್ಟುಕೊಂಡು ಹೋಗಿದ್ದೆ. ಕಸೂತಿಯ ಊರಲ್ಲಿ ಹುಟ್ಟಿದವಳಿಗೆ ಗೊತ್ತಾಗದ ಮೋಸ, ನ್ಯೂಜೆರ್ಸಿಯ ಒಬ್ಬ ಆರ್ಮೇನಿಯನ್ ಅಜ್ಜಿಗೆ ಹೊಸ್ತಿಲಲ್ಲೇ ಗೊತ್ತಾಯಿತು.

ಫೋರ್ಟ್ ಲೀಗೆ ಬಂದು ಒಂಬತ್ತು ವರ್ಷ. ಅದರಲ್ಲಿ ಎಂಟು ವರ್ಷ ಗಂಡನ ವೀಸಾಕ್ಕೆ ಜೋತುಬಿದ್ದು ಕೂತೆ, ದುಡಿಯುವ ಹಾಗಿಲ್ಲ. ಊರಲ್ಲಿ ಮದುವೆ, ಕುಬುಸ, ತೊಟ್ಟಿಲು ಅಂತ ಕ್ಯಾಮೆರಾ ಹೊತ್ತು ಓಡಾಡಿದವಳು ಇಲ್ಲಿ ಹದಿನಾಲ್ಕನೇ ಮಹಡಿಯ ಕಿಟಕಿಯಿಂದ ಸೇತುವೆ ನೋಡುತ್ತಿದ್ದೆ. ಅಲ್ಲಿ ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರು "ಏನ್ರೀ ಇವತ್ತು ಅಡಗಿ?" ಅಂತ ಕೇಳುತ್ತಿದ್ದರು, ಇಲ್ಲಿ ಸ್ಮೋಕ್ ಅಲಾರ್ಮ್ ಬೊಬ್ಬೆ ಹೊಡೆಯುತ್ತದೆ. ಅಂತೂ ವರ್ಕ್ ಪರ್ಮಿಟ್ ಬಂತು. ಮೊದಲ ಕೆಲಸವೂ ಸಿಕ್ಕಿತು: ಎರಡು ಊರಾಚೆಯ ಆರ್ಮೇನಿಯನ್ ಮಹಿಳಾ ಸಂಘದ ಹಾಲಿಗೆ ಅವರ ಹಿರಿಯರ ಹನ್ನೆರಡು ಫೋಟೊ. ಹನ್ನೊಂದು ಮುಗಿದಿದ್ದವು. ಈ ಹನ್ನೆರಡನೆಯ ಅರಾಕ್ಸಿ ಅಜ್ಜಿ ಒಪ್ಪದಿದ್ದರೆ ಪ್ರದರ್ಶನವೇ ಇಲ್ಲ, ಗೋಡೆಯ ಮೇಲೆ ನನ್ನ ಹೆಸರೂ ಇಲ್ಲ.

ಮೊದಲ ಸಲ ತಿನ್ನಿಸಿ ಕಳಿಸಿದರು. ಎರಡನೇ ಸಲ ಗಸಿ ಉಳಿಯುವ ಕಪ್ಪು ಕಾಫಿ ಕುಡಿಸಿ, ನನ್ನ ಹಣೆಬರಹ ನೋಡುತ್ತೇನೆ ಅಂತ ಕಪ್ಪನ್ನು ಬೋರಲು ಹಾಕಿದರು. ಕ್ಯಾಮೆರಾ ಎತ್ತಿದರೆ ಮಾತ್ರ ಮುಖ ಅತ್ತ. ನನಗೆ ಸಾಕುಬೇಕಾಗಿತ್ತು.

ಮೂರನೇ ಸಲ ಸಂಘದ ಕಾರ್ಯದರ್ಶಿ ಆನಿಯೇ ಬಂದಳು. ಹುಟ್ಟಿದ್ದು ಇಲ್ಲೇ, ವಕೀಲೆ, ಆರ್ಮೇನಿಯನ್ ಭಾಷೆ ಒಂದಕ್ಷರ ಬಾರದು. ತೋಳಿಗೆ ಕೆಂಪು ಹೂವಿನ ಕಸೂತಿ ಇದ್ದ ದೊಡ್ಡ ಅಂಗಿಯೊಂದನ್ನು ತಂದಿದ್ದಳು. ಹನ್ನೊಂದು ಜನರೂ ಅದನ್ನೇ ತೊಟ್ಟು ಫೋಟೊಕ್ಕೆ ಕೂತಿದ್ದರು.

"ಇದು ವಾನ್ ಕಡೆಯದು," ಅಜ್ಜಿ ತಮ್ಮ ಹರಕು ಇಂಗ್ಲಿಷಿನಲ್ಲಿ ಅಂದರು. "ನಾನು ಮರಾಷಿನವಳು. ತೊಡುವುದಿಲ್ಲ."

ವಾನ್, ಮರಾಷ್ ಎರಡೂ ಇವತ್ತು ಟರ್ಕಿಯಲ್ಲಿವೆ. ಎರಡೂ ಕಡೆಯಿಂದ ಇವರ ಹಿರಿಯರನ್ನು ಓಡಿಸಿಬಿಟ್ಟಿದ್ದರು. ಅಜ್ಜಿ ಹುಟ್ಟಿದ್ದು ಸಿರಿಯಾದಲ್ಲಿ. ಮರಾಷನ್ನು ಕಣ್ಣಿಂದ ಕಂಡವರಲ್ಲ. ಆದರೂ ಆ ಹಟ!

ಆನಿ ನನ್ನನ್ನು ಮೂಲೆಗೆ ಕರೆದಳು. "ಅಂಗಿ ಇಲ್ಲದಿದ್ದರೆ ಫೋಟೊ ಹಾಕೋದಿಲ್ಲ. ನೀನೇ ಹೇಳು ಅವರಿಗೆ."

ನನ್ನ ತಲೆ ಕೆಟ್ಟಿತು. ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಕರೆದು ನನ್ನ ಗಂಡನ ತಲೆಗೆ ಮೈಸೂರು ಪೇಟ ಇಟ್ಟಿದ್ದರು. "ಅಲ್ರೀ, ನಮ್ಮ ಮಾವ ತಲೆಗೆ ಸುತ್ತೋದು ಪಟಕ," ಅಂದರೆ, "ಬಿಡಿ ಮೇಡಂ, ಎಲ್ಲಾ ಒಂದೇ," ಅಂದಿದ್ದರು. ಆ ಸಿಟ್ಟನ್ನೆಲ್ಲ ಈ ಹುಡುಗಿಯ ಮೇಲೆ ಕಾರಿದೆ. "ಎಲ್ಲರಿಗೂ ಒಂದೇ ಅಂಗಿ ತೊಡಿಸಿದರೆ ಅದು ಪರಂಪರೆ ಅಲ್ಲ, ಶಾಲೆ ಯೂನಿಫಾರ್ಮು," ಅಂದೆ.

"ಎರಡು ನಿಮಿಷದ ಕೆಲಸ!" ಅನ್ನುತ್ತಾ ಆನಿ ಸಿಡುಕಿನಲ್ಲಿ ಅಂಗಿಯನ್ನು ತಾನೇ ತೊಟ್ಟು ಅಜ್ಜಿಯ ಎದುರು ನಿಂತಳು. "ನೋಡಿ, ಏನಾಯಿತು?"

ಅಜ್ಜಿ ಒಂದೇ ಮಾತು ಅಂದರು: "ಓದಾರ್."

ಆರ್ಮೇನಿಯನ್ ಅಲ್ಲದವರಿಗೆ, ಪರಕೀಯರಿಗೆ ಅವರು ಹೇಳುವ ಮಾತದು. ಹನ್ನೊಂದು ಮನೆಗಳಲ್ಲಿ ನನಗೆ ಅದನ್ನೇ ಅಂದಿದ್ದರು, ನನಗೇನೂ ಅನಿಸಿರಲಿಲ್ಲ. ನಾನು ಪರಕೀಯಳೇ ತಾನೆ? ಆದರೆ ಆ ಒಂದು ಮಾತು ಆನಿಗೂ ಗೊತ್ತಿತ್ತು; ಅವಳ ಮುಖ ಒಮ್ಮೆಲೇ ಕಳೆಗುಂದಿತು.

"ನಮ್ಮಜ್ಜಿ ನನಗೆ ಒಂದು ಮಾತೂ ಕಲಿಸಲಿಲ್ಲ," ಅಂದಳು. "ಅಮೆರಿಕದವಳಾಗು ಅಂದಳು. ನಾನು ಯಾವ ಊರಿನವಳು ಅಂತ ಹೇಳುವುದಕ್ಕೆ ಯಾರೂ ಉಳಿದಿಲ್ಲ. ನನಗೆ ಎಲ್ಲಾ ಅಂಗಿಯೂ ಒಂದೇ." ಹೇಳುತ್ತಾ ಅತ್ತೇಬಿಟ್ಟಳು, ಅದೇ ವಾನಿನ ತೋಳಿನಿಂದ ಮೂಗು ಒರೆಸಿಕೊಂಡು.

ಎಷ್ಟು ಜೋರು ಮಾತಾಡಿದ್ದೆ!

ಅಜ್ಜಿ ಆನಿಯ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಸೂಜಿ-ದಾರದ ಡಬ್ಬಿ ತೆಗೆದು, ಬಟ್ಟೆಯ ತುಂಡೊಂದನ್ನು ಅವಳ ತೊಡೆಯ ಮೇಲಿಟ್ಟು, ಬೆರಳಿಗೆ ಸೂಜಿ ಕೊಟ್ಟರು. ಇದು ಮರಾಷಿನ ಕಸೂತಿ, ತಾಯಿ ಕಲಿಸಿದ್ದು ಅಂದರು. ಆನಿ ಒಂದು ಎಳೆ ಹಾಕಿದಳು. "ತಪ್ಪು. ಬಿಚ್ಚು." ಇನ್ನೊಂದು ಹಾಕಿದಳು. "ಬಿಚ್ಚು." ಅಳುತ್ತಿದ್ದವಳು ನಕ್ಕುಬಿಟ್ಟಳು. ನಾನು ಕ್ಲಿಕ್ ಮಾಡಿದೆ. ಈ ಸಲ ಅಜ್ಜಿ ಮುಖ ತಿರುಗಿಸಲಿಲ್ಲ. ಕ್ಯಾಮೆರಾ ಇರುವುದೇ ಅವರಿಗೆ ಮರೆತಿತ್ತು.

ಆನಿ ಫೋಟೊವನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದಳು. "ಅಂಗಿ ಅಂತೂ ಇದೆಯಲ್ಲ, ನನ್ನ ಮೈಮೇಲೆ," ಅಂದಳು. "ಇದನ್ನೇ ಹಾಕೋಣ."

ಗೆದ್ದೆ ಅಂದುಕೊಂಡು ಮನೆಗೆ ಬಂದೆ. ಫೋಟೊ ತೆರೆದಿಟ್ಟಿದ್ದೆ, ಎಂಟು ವರ್ಷದ ಮಗಳು ಲ್ಯಾಪ್‌ಟಾಪಿನ ಮುಂದೆ ಬಂದು ನಿಂತಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಕೂಸು. ಫೋಟೊದಲ್ಲಿರುವವರು ಯಾರು, ಅಲ್ಲಿ ಏನಾಯಿತು ಅವಳಿಗೇನೂ ಗೊತ್ತಿಲ್ಲ. ಒಂದಿಷ್ಟು ಹೊತ್ತು ನೋಡಿ, ಸೂಜಿ ಹಿಡಿಸುತ್ತಿದ್ದ ಮುದುಕಿಯ ಮೇಲೆ ಬೆರಳಿಟ್ಟಳು.

"ದಿಸ್ ಈಸ್ ಅಜ್ಜಿ." ಬೆರಳು ಆನಿಯ ಮೇಲೆ ಸರಿಯಿತು. "ದಿಸ್ ಈಸ್ ಮೀ."

ಆಮೇಲೆ ಫೋಟೊದ ನಾಲ್ಕೂ ಮೂಲೆ ಹುಡುಕಿದಳು.

"ನೀ ಎಲ್ಲಿದ್ದೀ, ಅಮ್ಮಾ?" ಎಂದೂ ಇಲ್ಲದ್ದು, ಕನ್ನಡದಲ್ಲೇ ಕೇಳಿದಳು.

"ನಾ ಫೋಟೊ ತೆಗೀಲಿಕತ್ತಿದ್ದೆ, ಪುಟ್ಟಿ," ಅಂದೆ.