ಉಸಿರು ಬಿಗಿಹಿಡಿದು ಕೊಟ್ಟ ಅಳತೆ

ಬರೆಯಬೇಕಾದ ಒಂದು ಮಾತನ್ನು ನಾನು ಬರೆಯಲಿಲ್ಲ: ‘ಹೆದರಿಕೆಯಾಗಿದೆ’, ಅಷ್ಟೇ. ನನ್ನ ಹೊಲಿಗೆ ಯಂತ್ರದ ಮೇಲೆ, ಕತ್ತರಿಯ ಬದಿಗೆ, ಹೆಂಗಸರ ಜಂಪರು ಹೊಲಿದು ಉಳಿದ ನೇರಳೆ ಬಣ್ಣದ ತುಂಡಿನಿಂದ ನಾನೇ ಹೊದಿಕೆ ಹೊಲಿದ ಪುಸ್ತಕವೊಂದಿತ್ತು. ಅದನ್ನು ಕಂಡಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು.

ಪುಸ್ತಕ ಇಂಗ್ಲಿಷಿನದು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಅದನ್ನು ಓದಲು ಬಾರದು. ತಂದವಳು ತಂಗಿ ಶೈಲಾ, ಖಾನಾಪುರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಮೊಬೈಲಿನಲ್ಲಿ ಶೇರು ಕೊಳ್ಳುವುದನ್ನು, ಮಾರುವುದನ್ನು ನಾವಿಬ್ಬರೂ ಸಣ್ಣದಾಗಿ ಕಲಿಯುತ್ತಿದ್ದ ಕಾಲವದು. ಭಾನುವಾರ ಬಂತೆಂದರೆ ಅವಳು ಬಸ್ಸು ಹತ್ತಿ ಅನಗೋಳದ ನನ್ನ ಮನೆಗೆ ಬರುವಳು. ನಾನು ಜಂಪರಿಗೆ ಹುಕ್ಕು ಹಚ್ಚುತ್ತ ಕುಳಿತರೆ, ಅವಳು ಒಂದೊಂದೇ ಪುಟ ಓದಿ ನಮ್ಮ ಮಾತಿನಲ್ಲಿ ಹೇಳುವಳು. ಯಾವ ಶೇರು ಏರುತ್ತದೆಂದು ಆ ಪುಸ್ತಕ ಹೇಳುವುದೇ ಇಲ್ಲ, ನೋಡಿ. ಏರಿಳಿತದ ಎದುರು ಕುಳಿತ ಮನಸ್ಸನ್ನು ಹಿಡಿತದಲ್ಲಿಡುವುದೊಂದೇ ಅದರ ಚಿಂತೆ. ಕೊಳ್ಳುವ ಮೊದಲು, ಮಾರುವ ಮೊದಲು, ಆ ಗಳಿಗೆಯಲ್ಲಿ ಮನಸ್ಸು ಹೇಗಿದೆಯೋ ಹಾಗೆಯೇ ಬರೆದಿಡಬೇಕು. ಆಮೇಲಷ್ಟೇ ಗುಂಡಿ ಒತ್ತಬೇಕು.

ಇಬ್ಬರೂ ಒಂದೊಂದು ನೋಟುಬುಕ್ಕು ಮಾಡಿ, ಭಾನುವಾರ ಅದಲುಬದಲು ಮಾಡಿಕೊಂಡು ಓದುತ್ತಿದ್ದೆವು. ಅವಳದರಲ್ಲಿ ಕೈ ನಡುಗಿದ್ದು, ಆಸೆಗೆ ಬಿದ್ದದ್ದು, ಹೆದರಿ ಅವಸರದಲ್ಲಿ ಮಾರಿದ್ದು ಎಲ್ಲವೂ ಇರುತ್ತಿತ್ತು. ನನ್ನದರಲ್ಲಿ ಪುಟಪುಟಕ್ಕೂ ಒಂದೇ ಸಾಲು: ‘ಮನಸ್ಸು ಶಾಂತವಾಗಿತ್ತು.’

“ಅಕ್ಕಾ, ನಿನ್ನ ಎದಿ ಏನ್ ಕಲ್ಲಿಂದ ಮಾಡ್ಯಾರೇನ? ಶೇರು ಇಳಿಯೂದು ಕಂಡ್ರ ನನಗ ಬಾಯಾಗಿನ ಚಾ ಸೈತ ಇಳಿಯಂಗಿಲ್ಲ!”

“ಕಲ್ಲಲ್ಲವ್ವಾ, ಕಾಲರು ಗಟ್ಟಿ ನಿಲ್ಲಾಕ ಹಾಕೂ ಕ್ಯಾನ್ವಾಸು,” ಎಂದು ನಗುತ್ತಿದ್ದೆ.

ನಿಜವೆಂದರೆ, ಶೇರು ಇಳಿದ ದಿನ ನಾನು ಎರಡು ಸೂಜಿ ಮುರಿದು, ಗಿರಾಕಿಯ ಜಂಪರಿನ ಎಡತೋಳನ್ನು ಬಲಕ್ಕೆ ಹಚ್ಚಿದ್ದೆ. ಹೆಚ್ಚು ಓದಿದವಳು ಅವಳು. ಒಂದರಲ್ಲಾದರೂ ನನ್ನನ್ನು ತಲೆ ಎತ್ತಿ ನೋಡಲಿ ಎಂಬ ಆಸೆಗೆ ಸುಳ್ಳು ಬರೆದೆ.

ಒಂದು ಭಾನುವಾರ ಅವಳು ಪುಸ್ತಕವನ್ನು ಯಂತ್ರದ ಮೇಲಿಟ್ಟಳು. “ಇದು ನನ್ನಂಥಾಕಿಗಲ್ಲಕ್ಕಾ. ನಿನಗ ಹುಟ್ಟಾ ಬಂದೈತಿ. ನನಗ ಎಷ್ಟ ಓದಿದ್ರೂ ನಡಗೂದ ನಿಲ್ಲವಲ್ತು.” ಆಗಲಾದರೂ ಹೇಳಬಹುದಿತ್ತು. “ಚಾ ಕುಡದ ಹೋಗ,” ಎಂದೆ, ಅಷ್ಟೇ. ಶೇರಿನ ಗೊಡವೆಯನ್ನೇ ಬಿಟ್ಟಳು. ಭಾನುವಾರ ಬರುವುದನ್ನೂ ಬಿಟ್ಟಳು. ಅವಳು ಮಡಿಚಿಟ್ಟ ಪುಟದ ಮೂಲೆ ಹಾಗೆಯೇ ಉಳಿಯಿತು. ಮುಂದಿನ ಪುಟದಲ್ಲಿ ಏನಿದೆಯೋ! ಅದನ್ನು ಹೇಳುವ ದನಿ ಖಾನಾಪುರದಲ್ಲಿತ್ತು. ಎಷ್ಟೋ ಭಾನುವಾರ ಹುಕ್ಕು ಹಚ್ಚುತ್ತ, ಓಣಿಯ ತುದಿಯಲ್ಲಿ ಅವಳ ಚಪ್ಪಲಿಯ ಸಪ್ಪಳಕ್ಕಾಗಿ ಕಿವಿಯಾಗಿ ಕುಳಿತಿದ್ದೇನೆ.

ಅಳತೆಗೆಂದು ಟೇಪು ಸುತ್ತಿದ ಕೂಡಲೇ ಉಸಿರು ಬಿಗಿಹಿಡಿಯುವ ಹೆಂಗಸರನ್ನು ನಾನು ದಿನವೂ ಕಾಣುತ್ತೇನೆ. “ಉಸರು ಬಿಡ್ರಿ ಅಕ್ಕಾರ, ಇದ್ದಷ್ಟ ಇರ್ರಿ. ಇಲ್ಲಂದ್ರ ನಾಳೆ ಹುಕ್ಕ ಕೂಡಂಗಿಲ್ಲ,” ಎಂದು ಗದರುತ್ತೇನೆ. ಮೊನ್ನೆ ಹೀಗೆ ಗದರುವಾಗ ಕಣ್ಣು ಆ ನೇರಳೆ ಹೊದಿಕೆಯ ಮೇಲೆ ಬಿತ್ತು. ಕೈ ಅಲ್ಲೇ ನಿಂತಿತು. ಆರು ತಿಂಗಳು ನಾನೂ ಉಸಿರು ಬಿಗಿಹಿಡಿದೇ ಅಳತೆ ಕೊಟ್ಟಿದ್ದೆನಲ್ಲ! ಆ ಸುಳ್ಳು ಅಳತೆಗೆ ತಂಗಿ ತನ್ನ ಮನಸ್ಸನ್ನು ಕತ್ತರಿಸಿಕೊಂಡಳು. ಮನಸ್ಸು ಇದ್ದಂತೆ ಬರೆದಿಡುವ, ಪುಸ್ತಕ ಕೇಳಿದ ಕಸುಬು ಮೊದಲ ಪುಟದಿಂದಲೇ ಅವಳ ಕೈಗೆ ಹತ್ತಿತ್ತು.

ಅಳತೆ ಮುಗಿಸಿ ಪುಸ್ತಕ ಎತ್ತಿಕೊಂಡು, ಟೇಪು ಕೊರಳಲ್ಲಿದ್ದಂತೆಯೇ ಖಾನಾಪುರದ ಬಸ್ಸು ಹತ್ತಿದೆ. ಕೆಮ್ಮಿನ ಔಷಧಿಯ ಬಾಟಲಿಗಳ ನಡುವೆ ಪುಸ್ತಕವಿಟ್ಟಾಗ ಶೈಲಾ ಗಾಬರಿಯಾಗಿ, “ಯಾಕಕ್ಕಾ, ಆರಾಮಿಲ್ಲೇನ?” ಎಂದಳು. ಗಿರಾಕಿಗಳು ಕೇಳಿಸಿಕೊಳ್ಳುತ್ತಿದ್ದರು. ಕೇಳಲಿ ಎಂದುಕೊಂಡು ಉಸಿರು ಬಿಟ್ಟೆ.

“ಶೈಲಾ, ನನ್ನ ಮನಸ್ಸು ಒಂದಿನಾನೂ ಶಾಂತ ಇರಲಿಲ್ಲವ್ವಾ. ನಿನಗಿಂತ ಹೆಚ್ಚ ನಡಗತಿದ್ದೆ. ನೀ ಖರೇ ಬರದಿ, ನಾ ಸುಳ್ಳ ಬರದೆ. ನನ್ನ ತಪ್ಪಾತು, ತಂಗಿ.”