ನಮ್ಮ ನಾದದ ಕಾವಲುಗಾರ

ಆಲ್ಟೆನ್‌ರೋಡಾದ ವಾದ್ಯವೃಂದ ಹುಟ್ಟಿದ್ದು ಡ್ಯೂಕನ ಊಟದ ಮನೆಯಲ್ಲಿ. ಡ್ಯೂಕ ಹೋದ, ಕೈಸರ್ ಹೋದ, ನಾಜಿಗಳು ತೊಲಗಿದರು, ಕೊನೆಗೆ ದೇಶವನ್ನು ಸೀಳಿದ್ದ ಗೋಡೆಯೂ ಬಿತ್ತು. ಅಲುಗದೆ ಉಳಿದದ್ದು ಎರಡೇ: ಬ್ರಾಮ್ಸ್‌ನ ಸಂಗೀತ, ಮತ್ತು ಎರಡನೇ ಪಿಟೀಲು ತಂಡದ ಕೊನೆಯ ಸಾಲಿನ ಒಟ್ಟೋಕಾರ್ ವ್ಯೂಸ್ಟೆಫೆಲ್ಡ್. ಯಾರು ಗದ್ದುಗೆ ಏರಿದರೂ ಸ್ವಾಗತಕ್ಕೆ ಬ್ರಾಮ್ಸ್, ಇಳಿದರೂ ಬ್ರಾಮ್ಸ್. ಹೊಸತೇನಾದರೂ ಬಾರಿಸಿ ಎಂದು ಜನ ಗೊಣಗಿದರೆ, ಅಬ್ಬಾ, ಧೈರ್ಯ ಮಾಡಿ ಅವನಿಗಿಂತ ಹಳಬ ಬೀಥೋವನ್!

"ನಮ್ಮ ನಾದ" ಎಂದರೆ ಒಟ್ಟೋಕಾರನಿಗೆ ಪ್ರಾಣ. ಅದೇನೆಂದು ಕೇಳಿದರೆ ಹೇಳಲು ಬಾರದು. ಹೊರಗಿನವರಿಗೆ ಅದು ಒಲಿಯುವುದಿಲ್ಲ ಎಂಬುದು ಮಾತ್ರ ಖಚಿತವಾಗಿ ಗೊತ್ತು.

ಎರಡನೇ ಪಿಟೀಲಿನ ಮುಂದಾಳಿನ ಕುರ್ಚಿ ಖಾಲಿಯಾಯಿತು. ಇಪ್ಪತ್ತು ವರ್ಷದಿಂದ ತನ್ನ ಪಕ್ಕದಲ್ಲೇ ಕೂತು ಬಾರಿಸುತ್ತಿದ್ದ ಇರ್ಮ್‌ಟ್ರೌಟ್‌ಗೇ ಅದು ಸಿಗಬೇಕೆಂದು ಅವನ ಹಟ.

"ಪರೀಕ್ಷೆಗೆ ನಿಲ್ಲೇ ಮಾರಾಯ್ತಿ," ಎಂದು ಕ್ಯಾಂಟೀನಿನಲ್ಲಿ ಗೋಗರೆದ.

"ಈ ವಯಸ್ಸಲ್ಲಿ ಪರದೆ ಹಿಂದೆ ನಿಂತು ನಡುಗೋಕೆ ನನ್ನಿಂದಾಗಲ್ಲಪ್ಪ. ಆಲೂಗಡ್ಡೆ ಉಂಡೆ ಆರಿಹೋಗ್ತಿದೆ, ತಿನ್ನು."

"ಹಾಗಾದ್ರೆ ಇನ್ಯಾರಿಗೂ ಸಿಗೋಕೆ ಬಿಡಲ್ಲ. ನಿನಗೆ ಧೈರ್ಯ ಬರೋವರೆಗೂ ಖಾಲಿ ಬಿದ್ದಿರ್ಲಿ!"

ಪರೀಕ್ಷೆಯ ದಿನ ಇರ್ಮ್‌ಟ್ರೌಟ್ ಹಲ್ಲುನೋವೆಂದು ರಜೆ ಹಾಕಿದಳು. ಬಾರಿಸುವವರು ಯಾರೆಂದು ತಿಳಿಯದಂತೆ ವೇದಿಕೆಗೆ ಅಡ್ಡ ಪರದೆ ಕಟ್ಟಿದ್ದರು. ತೀರ್ಪು ವಾದ್ಯವೃಂದದ್ದೇ, ಮೂರರಲ್ಲಿ ಎರಡು ಪಾಲು ಕೈ ಎದ್ದರೆ ಕೆಲಸ ಖಾಯಂ. ಮೊದಲ ಇಬ್ಬರು ತಾವಾಗಿಯೇ ಮುಗ್ಗರಿಸಿ ಒಟ್ಟೋಕಾರನಿಗೆ ಶ್ರಮ ತಪ್ಪಿಸಿದರು. ಮೂರನೆಯ ಪಿಟೀಲು ಶುರುವಾದದ್ದೇ ಸಭಾಂಗಣ ಉಸಿರು ಬಿಗಿಹಿಡಿಯಿತು. ಮುಗಿದಾಗ ಎಲ್ಲರೂ ನೆಲಕ್ಕೆ ಪಾದ ಉಜ್ಜಿ ಮೆಚ್ಚುಗೆ ತೋರಿಸಿದರು. ಒಟ್ಟೋಕಾರ್ ಕುರ್ಚಿಯ ತುದಿಗೆ ಸರಿದ. ಯಾರೋ ಪರವೂರಿನವರು ಇರ್ಮ್‌ಟ್ರೌಟಳ ಕುರ್ಚಿ ಹೊಡೆದುಕೊಂಡು ಹೋಗುತ್ತಾರಲ್ಲ!

ಕೈಗಳು ಮೇಲೇಳುತ್ತಿದ್ದಂತೆ ಅವನು ಎದ್ದು ನಿಂತ. "ಕೈಚಳಕ ಇದೆ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ನಾದ ಎಲ್ರೀ? ಈ ಊರ ನೀರು ಕುಡಿದೋರು ಹೀಗೆ ಬಾರಿಸ್ತಾರಾ?"

ಅಷ್ಟು ಸಾಕಾಯಿತು. ಎತ್ತಿದ್ದ ಕೆಲವು ಕೈಗಳು ಅನುಮಾನದಿಂದ ಇಳಿದವು. ಎಣಿಸಿದರೆ ಒಂದೇ ಒಂದು ಕೈ ಕಡಿಮೆ. ಪರದೆ ಸರಿಸಿದರು.

ಇರ್ಮ್‌ಟ್ರೌಟ್ ಪಿಟೀಲನ್ನು ಪೆಟ್ಟಿಗೆಯಲ್ಲಿಡುತ್ತಿದ್ದಳು. ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಎಲ್ಲರೂ ಜಾಗ ಖಾಲಿ ಮಾಡಿದರು. ಒಟ್ಟೋಕಾರ್ ಮಾತ್ರ ವೇದಿಕೆಯ ಬಳಿ ಹೋದ.

"ಹಲ್ಲುನೋವು ಅಂದ್ಯಲ್ಲೇ?"

"ನಿನಗೆ ಹೇಳಿದ್ರೆ ಊರಿಗೆಲ್ಲಾ ಡಂಗುರ ಸಾರ್ತಿದ್ದೆ." ಅವಳು ಪೆಟ್ಟಿಗೆಯ ಚಿಲಕ ಹಾಕಿದಳು. "ಈ ಕುರ್ಚಿ ನನಗೆ ಎಷ್ಟು ಬೇಕಿತ್ತು ಗೊತ್ತೇನೋ?"

"ಅಯ್ಯೋ, ನೀನೇ ಅಂತ ಗೊತ್ತಿದ್ದಿದ್ರೆ..."

"ಇಪ್ಪತ್ತು ವರ್ಷ ನಿನ್ನ ಕಿವಿ ಪಕ್ಕದಲ್ಲೇ ಬಾರಿಸಿದೀನಿ. ಗೊತ್ತಾಗಲಿ ಅಂತಲ್ವೇನೋ ಕಿವಿ ಇರೋದು?"

ಒಟ್ಟೋಕಾರನ ಬಲಗೈ ತಾನಾಗಿ ಮೇಲೆದ್ದಿತು. ಎಣಿಸುವವರು ಆಗಲೇ ಊಟಕ್ಕೆ ಹೊರಟುಹೋಗಿದ್ದರು.